ಎರಡು ಹೊಸಮನೆಗಳ ನಡುವೆ

ಶಿವಮೊಗ್ಗ ನಗರದಲ್ಲಿ ಹೊಸಮನೆ ಎಂಬ ಬಡಾವಣೆಯೊಂದಿದೆ. ಭದ್ರಾವತಿಯಲ್ಲಿಯೂ ಅದೇ ಹೆಸರಿನ ಬಡಾವಣೆಯೊಂದಿದೆ. ಒಂದರಿಂದ ಇನ್ನೊಂದಕ್ಕೆ ಸುಮಾರು 20 ಕಿಲೋಮೀಟರುಗಳ ದಾರಿ. ಎರಡೂ ಕಡೆ ಮನೆಗಳು ಹಳೆಯವಾಗಿ, ತೆಂಗಿನಮರಗಳು ಮಾಳಿಗೆಯನ್ನು ಮೀರಿ ಬೆಳೆದು, ಮೊಮ್ಮಕ್ಕಳು ಬೆಂಗಳೂರು ಸೇರಿದ್ದರೂ ಹೆಸರು ಮಾತ್ರ ಹೊಸಮನೆಯಾಗಿಯೇ ಉಳಿದಿದೆ. ನಾವು ಶಿವಮೊಗ್ಗದ ಹೊಸಮನೆಯವರು. ನಮ್ಮ ಸೋದರಮಾವನವರು ಭದ್ರಾವತಿಯ ಹೊಸಮನೆಯವರು. ಬಂಧುಗಳ ಮದುವೆ ಮನೆಗಳಲ್ಲಿ "ಯಾವ ಹೊಸಮನೆ?" ಎಂದು ಕೇಳಿಸಿಕೊಂಡೇ ನಮ್ಮ ಅರ್ಧ ಆಯುಷ್ಯ ಕಳೆದಿದೆ.

2024ರ ಏಪ್ರಿಲ್ ತಿಂಗಳಿನಲ್ಲಿ ಈ 20 ಕಿಲೋಮೀಟರುಗಳ ದಾರಿ ನಮಗೆ ಕಾಶಿಗಿಂತಲೂ ದೂರವಾಯಿತೆಂದರೆ ಓದುಗರು ನಗಬಹುದು. ನಡೆದುದನ್ನು ಇದ್ದಂತೆಯೇ ನಿವೇದಿಸುತ್ತೇವೆ.

ಸೋದರಮಾವನವರಿಗೆ ಆಗ 76 ವರ್ಷ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ವಿದ್ಯುತ್ ವಿಭಾಗದಲ್ಲಿ 34 ವರ್ಷ ದುಡಿದು ನಿವೃತ್ತರಾದವರು. ಹಿಂದಿನ ವರ್ಷದ ಕೊನೆಯಲ್ಲಿ ಅವರಿಗೆ ಪಾರ್ಶ್ವವಾಯು ತಗುಲಿ ಬಲಭಾಗ ಸೋತಿತು. ಮಾತು ತೊದಲಾಯಿತೇ ಹೊರತು ಬುದ್ಧಿಗೆ ಏನೂ ಆಗಿರಲಿಲ್ಲ. ಅವರ ಅಕ್ಕ, ಅಂದರೆ ನಮ್ಮ ತಾಯಿಯವರಿಗೆ 81. ಸೊಂಟದ ಶಸ್ತ್ರಚಿಕಿತ್ಸೆಯಾದ ಮೇಲೆ ಬಸ್ಸಿನ ಮೆಟ್ಟಿಲು ಹತ್ತಲಾರರು. ತಮ್ಮನಿಗೆ ಹೀಗಾಯಿತೆಂದು ತಿಳಿದ ದಿನದಿಂದ ಅವರ ಬಾಯಲ್ಲಿ ಒಂದೇ ಮಾತು: "ನನ್ನನ್ನ ಒಂದ್ಸಲ ಭದ್ರಾವತಿಗೆ ಕರ್ಕೊಂಡು ಹೋಗ್ರಪ್ಪಾ." ಬಾಡಿಗೆ ಕಾರು ತರಿಸಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ನಾವೂ ಹೇಳಿದೆವು. "ಮನೇಲಿ ಕಾರು ಇಟ್ಕೊಂಡು ತಮ್ಮನ ಮನೆಗೆ ಬಾಡಿಗೆ ಗಾಡೀಲಿ ಹೋಗೋದಾ?" ಎಂದು ಅವರು ಆ ಮಾತನ್ನು ಅಲ್ಲಿಗೇ ನಿಲ್ಲಿಸಿದರು. ಹಳೆಯ ಕಾಲದ ಹೆಣ್ಣುಮಕ್ಕಳಿಗೆ ತವರಿನ ಕಡೆಯವರ ಮುಂದೆ ಇರುವ ಬಿಗುಮಾನವನ್ನು ಬಲ್ಲವರು ಬಲ್ಲರು.

ನಮ್ಮ ಕಾರು ಚಿಕ್ಕದು, ಹಳೆಯದು, ಎರಡನೆಯ ಕೈಯದು. ಅದರ ಕಂಪನಿಯ ಹೆಸರು ಇಲ್ಲಿ ಬೇಡ, ತಪ್ಪು ಕಂಪನಿಯದಾಗಿರಲಿಲ್ಲ.

ಮೊದಲ ಸಲ ಹೊರಟದ್ದು ಒಂದು ಶನಿವಾರ ಬೆಳಿಗ್ಗೆ ಹತ್ತರ ಸುಮಾರಿಗೆ. ಹೊಸಮನೆಯಿಂದ ಪೇಟೆಯ ಸಂದಣಿಯನ್ನು ಹೇಗೋ ದಾಟಿ ಬಿ.ಎಚ್. ರಸ್ತೆಗೆ ಬಂದು, ತುಂಗೆಯ ಸೇತುವೆಯ ಮೇಲೆ ನಿಧಾನವಾಗಿ ಸಾಗಿದೆವು. ಬೇಸಗೆಯ ತುಂಗೆ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿದ್ದಳು. ತಾಯಿಯವರು ರೂಢಿಯಂತೆ ಕೈಮುಗಿದರು. ಸೇತುವೆ ಇಳಿದು ವಿದ್ಯಾನಗರ ದಾಟುವಷ್ಟರಲ್ಲಿ ಮುಂದೆ ವಾಹನಗಳ ಸಾಲು ನಿಂತಿತ್ತು. ಅಲ್ಲಿ ಐದಾರು ನಿಮಿಷ ನಿಂತಿರುವಾಗ ಉಷ್ಣತೆ ತೋರಿಸುವ ಮುಳ್ಳು ಮೆಲ್ಲನೆ ಏರಿ ಕೆಂಪು ಗೆರೆಯನ್ನು ಮುಟ್ಟಿತು. ಬಾನೆಟ್ಟಿನ ಅಂಚಿನಿಂದ ಹಬೆ ಹೊರಟಿತು. ಗಾಬರಿಗೊಂಡು ಕಾರನ್ನು ಬದಿಗೆ ನಿಲ್ಲಿಸಿ, ಮರದ ನೆರಳಿನಲ್ಲಿ ತಾಯಿಯವರನ್ನು ಕೂರಿಸಿ, ಒಂದು ಗಂಟೆ ಕಾದು ಮನೆಗೆ ಹಿಂದಿರುಗಿದೆವು.

ಪರಿಚಯದ ಗ್ಯಾರೇಜಿನವರು ಕೂಲೆಂಟ್ ಬದಲಿಸಿ, ಥರ್ಮೋಸ್ಟಾಟ್ ಎಂಬ ಸಣ್ಣ ಬಾಗಿಲನ್ನು ಹೊಸದು ಹಾಕಿ, ರೇಡಿಯೇಟರನ್ನು ತೊಳೆದು ಕೊಟ್ಟರು. ಎರಡನೆಯ ಸಲ ಹೊರಟೆವು. ಈ ಸಲ ಎಂ.ಆರ್.ಎಸ್. ವೃತ್ತ, ಮಲವಗೊಪ್ಪ, ನಿದಿಗೆ ಎಲ್ಲವೂ ಸುಖವಾಗಿ ದಾಟಿದವು. ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದ ಬಳಿ ರಸ್ತೆಯ ಕೆಲಸಕ್ಕಾಗಿ ವಾಹನಗಳನ್ನು ತಡೆದಿದ್ದರು. ಮತ್ತೆ ಅದೇ ಮುಳ್ಳು, ಅದೇ ಹಬೆ. ಅರ್ಧ ದಾರಿಯಿಂದ ಎರಡನೆಯ ಸಲ ಹಿಂದಿರುಗಿದಾಗ ತಾಯಿಯವರು ಮಾತಾಡಲಿಲ್ಲ. ಮನೆಯ ಹೆಂಗಸರಲ್ಲಿ ಒಬ್ಬರು "ಇದ್ಯಾಕೋ ಸರಿಬರ್ತಿಲ್ಲ, ಅಪಶಕುನ" ಎಂದದ್ದು ಅವರ ಕಿವಿಗೆ ಬಿತ್ತೆಂದು ತೋರುತ್ತದೆ. ಆ ರಾತ್ರಿ ಊಟ ಬೇಡವೆಂದರು.

ಗ್ಯಾರೇಜಿನಲ್ಲಿ ಎಲ್ಲವನ್ನೂ ಮತ್ತೆ ನೋಡಿದರು. ಅವರು ಕೆಲಸಗೇಡಿಗಳಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ರೇಡಿಯೇಟರಿನ ಹಿಂದಿನ ಫ್ಯಾನು ತಿರುಗುತ್ತಿದೆಯೇ ಎಂದು ನೋಡಿದರು; ತಿರುಗುತ್ತಿತ್ತು. ಎಲೆಕ್ಟ್ರಿಷಿಯನ್ ಹುಡುಗ ಫ್ಯಾನಿನ ಪ್ಲಗ್ಗನ್ನು ಕಿತ್ತು, ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಪ್ಲಗ್ಗಿನ ಎರಡು ತೂತುಗಳಿಗಿಟ್ಟು ನೋಡಿದ, 12.4 ವೋಲ್ಟ್ ತೋರಿಸಿತು. "ಕರೆಂಟ್ ಸರಿಯಾಗಿ ಬರ್ತಿದೆ ಸಾರ್, ವೈರಿಂಗ್ ಏನೂ ತೊಂದ್ರೆ ಇಲ್ಲ" ಎಂದ. ವೈರಿಂಗ್ ಅಲ್ಲ, ನೀರಲ್ಲ, ಥರ್ಮೋಸ್ಟಾಟ್ ಅಲ್ಲ ಎಂದಮೇಲೆ ಉಳಿದದ್ದು ಎಂಜಿನ್ನೇ. ಹೆಡ್ ಗ್ಯಾಸ್ಕೆಟ್ ಹೋಗಿರಬೇಕು, ಬಿಚ್ಚಬೇಕು, 32,000 ರೂಪಾಯಿಯಾದೀತು ಎಂದರು. ನಿವೃತ್ತಿ ವೇತನದ ಸಂಸಾರಕ್ಕೆ ಅದು ಸಣ್ಣ ಮೊತ್ತವಲ್ಲ. ಆದರೂ ಒಪ್ಪಿದೆವು. ಸೋಮವಾರ ಬೆಳಿಗ್ಗೆ ಕಾರನ್ನು ತಂದು ಬಿಡುವುದೆಂದು ಮಾತಾಯಿತು.

ಅದಕ್ಕೆ ಮೊದಲಿನ ಶನಿವಾರ ರಾತ್ರಿ ಭದ್ರಾವತಿಯಿಂದ ಸೊಸೆಯ ದೂರವಾಣಿ ಬಂದಿತು. ಮಾವನವರು ಎರಡು ದಿನಗಳಿಂದ ಗಂಜಿಯನ್ನೂ ಸರಿಯಾಗಿ ಸೇವಿಸುತ್ತಿಲ್ಲ, ಅಕ್ಕ ಬಂದಳೇ ಎಂದು ಕೇಳುತ್ತಾರೆ ಎಂದಳು. ತಾಯಿಯವರು ಅಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು. ನಮ್ಮ ಮಗ ಆಗ ಒಂದು ಮಾತು ಹೇಳಿದ: "ನಾಳೆ ಬೆಳಿಗ್ಗೆ ಬೇಗ ಹೊರಡೋಣ. ರಸ್ತೆ ಖಾಲಿ ಇದ್ರೆ ಕಾರು ಬಿಸಿಯಾಗಲ್ಲ. ಎರಡು ಸಲವೂ ನಿಂತಾಗ್ಲೇ ಬಿಸಿಯಾಗಿದ್ದು." ಆ ಮಾತಿನಲ್ಲೇ ರೋಗದ ಮೂಲವಿತ್ತು. ಆದರೆ ಅದು ಹೇಳಿದವನಿಗೂ ತಿಳಿಯಲಿಲ್ಲ, ಕೇಳಿದ ನಮಗೂ ತಿಳಿಯಲಿಲ್ಲ.

ಭಾನುವಾರ ಬೆಳಗಿನ ಜಾವವೇ ಎದ್ದು, ಪೂಜೆ ಮುಗಿಸಿ, ಆರು ಗಂಟೆಗೆ ಹೊರಟೆವು. ತುಂಗೆಯ ಮೇಲೆ ತೆಳುವಾದ ಮಂಜು ಇನ್ನೂ ಕರಗಿರಲಿಲ್ಲ. ರಸ್ತೆಯ ಎರಡೂ ಬದಿಗೆ ತೋಟಗಳು, ಹಾಲಿನ ವಾಹನಗಳು, ಮುಂಜಾನೆಯ ನಡಿಗೆಗೆ ಬಂದವರು. ಮುಳ್ಳು ಮಧ್ಯದಲ್ಲಿ ಮೊಳೆ ಹೊಡೆದಂತೆ ನಿಂತಿತ್ತು. ಮಾಚೇನಹಳ್ಳಿ ದಾಟಿದಾಗ ತಾಯಿಯವರು ಮೊದಲ ಬಾರಿಗೆ ಕಿಟಕಿಯಾಚೆ ನೋಡಿ, "ಇಲ್ಲೆಲ್ಲ ಮೊದ್ಲು ಬರೀ ಬಯಲು" ಎಂದರು.

ಭದ್ರಾವತಿಗೆ ಹಿಂದೆ ಬೆಂಕಿಪುರವೆಂಬ ಹೆಸರಿತ್ತು. ವಂಕಿ ಎಂಬ ಋಷಿಯಿಂದ ಬಂದ ವಂಕಿಪುರವೇ ಬೆಂಕಿಪುರವಾಯಿತೆಂದು ಹೇಳುವವರಿದ್ದಾರೆ. ಮೂಲ ಏನೇ ಇರಲಿ, ಊರಿಗೆ ಬೆಂಕಿಯ ನಂಟು ಬಂದದ್ದಂತೂ ದಿಟ. ಮೈಸೂರು ಸಂಸ್ಥಾನದ ಕಾಲದಲ್ಲಿ, 1918ರಲ್ಲಿ ಆರಂಭಗೊಂಡ ಯೋಜನೆಯ ಫಲವಾಗಿ 1923ರಲ್ಲಿ ಇಲ್ಲಿ ಕಬ್ಬಿಣದ ಉತ್ಪಾದನೆ ಮೊದಲಾಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡುಗಳ ಮರದಿಂದ ಸುಟ್ಟ ಇದ್ದಿಲು, ಭದ್ರೆಯ ನೀರು, ಇಷ್ಟನ್ನು ನಂಬಿ ಕುಲುಮೆ ಹೊತ್ತಿಸಿದರು. ಸರ್ ಎಂ. ವಿಶ್ವೇಶ್ವರಯ್ಯನವರು ನಷ್ಟದಲ್ಲಿದ್ದ ಕಾರ್ಖಾನೆಯ ಹೊಣೆ ಹೊತ್ತು ಅದನ್ನು ನಿಲ್ಲಿಸಿದ ಕಥೆಯನ್ನು ಭದ್ರಾವತಿಯ ಹಿರಿಯರು ಇಂದಿಗೂ ಮನೆಯ ಹಿರಿಯರ ಕಥೆಯೆಂಬಂತೆ ಹೇಳುತ್ತಾರೆ. ಅವರ ಹೆಸರೇ ಮುಂದೆ ಕಾರ್ಖಾನೆಗೆ ಬಂದಿತು. ಜೋಗದ ವಿದ್ಯುತ್ತು ಬಂದ ಮೇಲೆ ವಿದ್ಯುತ್ ಕುಲುಮೆಗಳೂ ಬಂದವು. 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಊರಿನ ಇನ್ನೊಂದು ಕಣ್ಣಾಗಿತ್ತು; ಅದರ ಯಂತ್ರಗಳು 2015ರ ಸುಮಾರಿಗೆ ನಿಂತವು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಅದೇ ವರ್ಷದ ಆಗಸ್ಟ್‌ನಲ್ಲಿ ಒಂದು ಘಟಕ ಮತ್ತೆ ತಿರುಗತೊಡಗಿತು. ಮೂರು ಪಾಳಿಗಳ ಸೈರನ್ನಿಗೆ ಗಡಿಯಾರ ಹೊಂದಿಸಿಕೊಳ್ಳುತ್ತಿದ್ದ ಊರು ಅದು. ಹಳೇನಗರದ ಲಕ್ಷ್ಮೀನರಸಿಂಹ ದೇವಾಲಯದ ಹೊಯ್ಸಳ ಶಿಲ್ಪವನ್ನು ನೋಡಲು ಬರುವ ಪ್ರವಾಸಿಗಳಿಗೆ ಆ ಇನ್ನೊಂದು ಭದ್ರಾವತಿ ಕಾಣುವುದಿಲ್ಲ. ಅದನ್ನು ಕಾಣಬೇಕಾದರೆ ಹೊಸಮನೆಯಂತಹ ಬಡಾವಣೆಗಳ ಜಗುಲಿಗಳ ಮೇಲೆ ಕೂರಬೇಕು.

ಊರೊಳಗೆ ಬಂದಾಗ ಏಳು ಗಂಟೆಯಾಗಿತ್ತು. ತರಕಾರಿಯ ಲಾರಿಯೊಂದು ರಸ್ತೆಗೆ ಅಡ್ಡಲಾಗಿ ನಿಂತು ಹತ್ತು ನಿಮಿಷ ಕಾಯಬೇಕಾಯಿತು. ಮುಳ್ಳು ಏರತೊಡಗಿತು. ಮಗ ಎಲ್ಲಿಯೋ ಓದಿದ್ದನಂತೆ, ಕಾರಿನೊಳಗಿನ ಹೀಟರನ್ನು ಪೂರ್ತಿ ತೆರೆದ. ಎಂಜಿನ್ನಿನ ಬಿಸಿ ಸ್ವಲ್ಪ ಆ ದಾರಿಯಿಂದಲೂ ಹೊರಹೋಗುತ್ತದೆ. ಏಪ್ರಿಲ್ ತಿಂಗಳಲ್ಲಿ ಬಿಸಿಗಾಳಿಯನ್ನು ಮುಖಕ್ಕೆ ಬಿಟ್ಟುಕೊಂಡು, ಬೆವರಿ ನೀರಾಗಿ, ಮುಳ್ಳು ಕೆಂಪು ಗೆರೆಯನ್ನು ಮುಟ್ಟುವ ಹೊತ್ತಿಗೆ ಮಾವನವರ ಮನೆಯ ಮುಂದೆ ಬಂದು ನಿಂತೆವು.

ಅಕ್ಕ ತಮ್ಮ ಕಂಡ ಕ್ಷಣವನ್ನು ಇಲ್ಲಿ ಬರೆಯುವುದಿಲ್ಲ. ಅದು ಅವರದು.

ಮಾವನವರ ಮಂಚ ಕಿಟಕಿಯ ಪಕ್ಕದಲ್ಲಿತ್ತು. ಕಿಟಕಿಯಾಚೆಗೇ ಕಾರು. ಅರ್ಧ ಗಂಟೆಯ ಮೇಲೆ, ಕಣ್ಣೊರೆಸಿಕೊಂಡು ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ, ಅವರು ನಮ್ಮತ್ತ ತಿರುಗಿ ತೊದಲುತ್ತ ಕೇಳಿದರು: "ಬಂದು ನಿಂತಾಗ ಗಾಡಿ ಫ್ಯಾನು ತಿರುಗ್ತಿತ್ತಲ್ಲ. ಅದ್ಯಾಕೆ ಅಷ್ಟು ಮೆತ್ತಗೆ?"

ನಾವು ಎರಡು ಸಲ ಹಿಂದಿರುಗಿದ ಕಥೆಯನ್ನು, ಗ್ಯಾಸ್ಕೆಟ್ಟಿನ ಮಾತನ್ನು ಹೇಳಿದೆವು. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು. ಆಮೇಲೆ ಒಂದೊಂದೇ ಪ್ರಶ್ನೆ ಬಂದಿತು. ಓಡುವಾಗ ಬಿಸಿಯಾಗುತ್ತದೆಯೋ, ನಿಂತಾಗಲೋ? ಬೆಳಿಗ್ಗೆ ತಣ್ಣಗಿರುವಾಗ ಕೀಲಿ ತಿರುಗಿಸಿದರೆ ಮುಳ್ಳು ಎಲ್ಲಿರುತ್ತದೆ? ರಾತ್ರಿ ಹೆಡ್‌ಲೈಟ್ ಹಾಕಿದಾಗ ಮುಳ್ಳು ಜಿಗಿಯುತ್ತದೆಯೋ? ನೀರು ಕಡಮೆಯಾಗುತ್ತದೆಯೋ? ಎಣ್ಣೆ ಕಾಫಿಯ ಬಣ್ಣಕ್ಕೆ ತಿರುಗಿದೆಯೋ? ವೈದ್ಯರು ನಾಡಿ ಹಿಡಿದು ಕೇಳುವಂತೆ ಕೇಳಿದರು. ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವರು ಇಷ್ಟು ಮಾತಾಡಿ ತಿಂಗಳುಗಳೇ ಆಗಿದ್ದವು ಎಂದು ಆಮೇಲೆ ಹೇಳಿದಳು. ಕಾಯಿಲೆ ಬಿದ್ದಂದಿನಿಂದ ಎಲ್ಲರೂ ಅವರನ್ನು "ಊಟ ಆಯ್ತಾ, ಮಾತ್ರೆ ತಗೊಂಡ್ರಾ" ಎಂದು ಕೇಳುವವರೇ. ಕೆಲಸದ ಮಾತನ್ನು ಅವರ ಮುಂದೆ ಆಡುವವರೇ ಇರಲಿಲ್ಲ.

ಅವರ ಪ್ರಶ್ನೆಗಳ ಒಳಗುಟ್ಟನ್ನು ನಮ್ಮ ಅಲ್ಪಜ್ಞಾನಕ್ಕೆ ನಿಲುಕಿದಷ್ಟು ಹೇಳುತ್ತೇವೆ. ಹಿಂದಿನ ಅಂಬಾಸಿಡರ್ ಕಾರುಗಳಲ್ಲಿ ರೇಡಿಯೇಟರಿನ ಫ್ಯಾನನ್ನು ಎಂಜಿನ್ನೇ ಬೆಲ್ಟಿನ ಮೂಲಕ ತಿರುಗಿಸುತ್ತಿತ್ತು. ಎಂಜಿನ್ ತಿರುಗಿದರೆ ಫ್ಯಾನೂ ತಿರುಗಲೇಬೇಕು. 1983ರಲ್ಲಿ ಮಾರುತಿ 800 ಬಂದ ಮೇಲೆ ನಮ್ಮ ರಸ್ತೆಗಳಲ್ಲಿ ವಿದ್ಯುತ್ ಫ್ಯಾನಿನ ಸಣ್ಣ ಕಾರುಗಳು ಮನೆಮಾತಾದವು. ಅವುಗಳಲ್ಲಿ ಎಂಜಿನ್ನನ್ನು ಅಡ್ಡಲಾಗಿ ಕೂರಿಸಿರುವುದರಿಂದ ಫ್ಯಾನಿಗೆ ಬೇರೆಯೇ ಒಂದು ಮೋಟರು ಬೇಕು. ನೀರಿನ ಬಿಸಿ 90 ಡಿಗ್ರಿ ಸೆಲ್ಸಿಯಸ್‌ನ್ನು ಒಂದಿಷ್ಟು ಮೀರಿದಾಗ ಬಿಸಿಯನ್ನು ಅರಿಯುವ ಸ್ವಿಚ್ಚು ರಿಲೇಗೆ ಹೇಳುತ್ತದೆ, ರಿಲೇ ಬ್ಯಾಟರಿಯ ವಿದ್ಯುತ್ತನ್ನು ಫ್ಯಾನಿಗೆ ಬಿಡುತ್ತದೆ. ಕಾರು ವೇಗವಾಗಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುವುದರಿಂದ ಫ್ಯಾನಿನ ಅಗತ್ಯವೇ ಹೆಚ್ಚಾಗಿ ಬೀಳುವುದಿಲ್ಲ. ನಿಂತಾಗ ಮಾತ್ರ ಎಲ್ಲ ಭಾರವೂ ಅದರ ಮೇಲೆಯೇ. ಆದ್ದರಿಂದ ಓಟದಲ್ಲಿ, ಘಾಟಿಯ ಏರಿನಲ್ಲಿ ಬಿಸಿಯಾಗುವ ಕಾರಿಗೆ ನೀರು, ಥರ್ಮೋಸ್ಟಾಟ್, ಕಟ್ಟಿಕೊಂಡ ರೇಡಿಯೇಟರು ಮುಂತಾದುವನ್ನು ಮೊದಲು ಸಂಶಯಿಸಬೇಕು. ಓಟದಲ್ಲಿ ತಣ್ಣಗಿದ್ದು ನಿಂತಲ್ಲಿ ಬಿಸಿಯಾಗುವ ಕಾರಿಗೆ ಫ್ಯಾನನ್ನೂ ಅದರ ವೈರಿಂಗನ್ನೂ ಸಂಶಯಿಸಬೇಕು. ನಮ್ಮ ಮಗ ಶನಿವಾರ ರಾತ್ರಿ ಹೇಳಿದ್ದು ಇದನ್ನೇ.

"ಆದರೆ ಫ್ಯಾನು ತಿರುಗ್ತಾ ಇದೆ ಮಾವ. ಕರೆಂಟೂ 12 ವೋಲ್ಟ್ ಬರ್ತಿದೆಯಂತೆ, ಅಳೆದು ನೋಡಿದಾರೆ" ಎಂದೆವು.

ಮಾವನವರು ನಕ್ಕರು. ಅರ್ಧ ಮುಖದ ನಗು. "ಪ್ಲಗ್ ಕಿತ್ತು ಅಳೆದ್ರೋ, ಹಾಕ್ಕೊಂಡೇ ಅಳೆದ್ರೋ?"

ಕಿತ್ತು ಎಂದೆವು.

"ಕೆಲಸ ಹೇಳ್ದೆ ಕೇಳಿದ್ರೆ ಯಾರು ಬೇಕಾದ್ರೂ ಆಗುತ್ತೆ ಅಂತಾರಪ್ಪಾ. ಹೊರಿಸಿ ಕೇಳ್ಬೇಕು."

ಈ ಮಾತನ್ನು ಸ್ವಲ್ಪ ಬಿಡಿಸಬೇಕು. ಹತ್ತಾರು ತಾಮ್ರದ ಎಳೆಗಳಿರುವ ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ, ಭಾರವಿಲ್ಲದಾಗ ಮೀಟರಿನ ಕಡ್ಡಿಯಿಟ್ಟರೆ ಅದು ಪೂರ್ತಿ 12 ವೋಲ್ಟನ್ನೇ ತೋರಿಸುತ್ತದೆ. ಮೀಟರು ಎಳೆದುಕೊಳ್ಳುವ ವಿದ್ಯುತ್ತು ಏನೇನೂ ಅಲ್ಲ. ಫ್ಯಾನಾದರೋ 10 ಆಂಪಿಯರ್ ಆಸುಪಾಸು ಬೇಡುತ್ತದೆ. ಆ ದಾರಿಯಲ್ಲಿ ಎಲ್ಲಿಯಾದರೂ ಅರ್ಧ ಓಮ್‌ನಷ್ಟು ತಡೆ ಸೇರಿಕೊಂಡರೂ ಸಾಕು, ನಾಲ್ಕೈದು ವೋಲ್ಟುಗಳವರೆಗೂ ಅಲ್ಲಿಯೇ ಕಳೆದುಹೋಗಬಹುದು. ಉಳಿದುದರಲ್ಲಿ ಫ್ಯಾನು ತಿರುಗುತ್ತದೆ ನಿಜ. ನೋಡಿದವರಿಗೆ ತಿರುಗುತ್ತಿದೆಯೆಂಬ ಸಮಾಧಾನವೂ ಆಗುತ್ತದೆ. ಆದರೆ ರೇಡಿಯೇಟರಿಗೆ ಬೇಕಾದ ಗಾಳಿ ಬರುವುದಿಲ್ಲ. ಪೂರ್ತಿ ನಿಂತ ಫ್ಯಾನಿಗಿಂತ ಈ ಅರೆಜೀವದ ಫ್ಯಾನು ಹೆಚ್ಚು ಮೋಸಗಾರ.

ಮಾವನವರ ಮಂಚದ ಕೆಳಗೆ ತಗಡಿನ ಪೆಟ್ಟಿಗೆಯೊಂದಿತ್ತು. ಅದನ್ನು ತೆಗೆಸಿ ಅವರ ಹಳೆಯ ಮೀಟರನ್ನು ನಮ್ಮ ಮಗನ ಕೈಗೆ ಕೊಡಿಸಿದರು. ಸೊಸೆ ಅಂಗಡಿಗೆ ಹೋಗಿ ಅದಕ್ಕೆ ಹೊಸ ಸೆಲ್ ತಂದಳು. ಅಷ್ಟರಲ್ಲಿ ಎಂಜಿನ್ ಆರಿತ್ತು. ಅದನ್ನು ಮತ್ತೆ ಚಾಲೂ ಮಾಡಿ ಫ್ಯಾನು ತಿರುಗುವವರೆಗೆ ಬಿಸಿ ಮಾಡಿ, ಬಳಿಕ ಎಂಜಿನ್ ನಿಲ್ಲಿಸಿ ಕೀಲಿಯನ್ನು ಮಾತ್ರ ತಿರುಗಿಸಿಡಲು ಹೇಳಿದರು. ಫ್ಯಾನು ತನ್ನ ಮೆತ್ತನೆಯ ಗತಿಯಲ್ಲಿ ತಿರುಗುತ್ತಿತ್ತು. "ಕೈ ದೂರ ಇಟ್ಕೊಳ್ಳೋ, ಅಂಗಿ ತೋಳು ಮಡಚ್ಕೋ" ಎಂದು ಮಂಚದಿಂದಲೇ ಎಚ್ಚರಿಸಿದರು. ಅನೇಕ ಕಾರುಗಳಲ್ಲಿ ಕೀಲಿ ತೆಗೆದ ಮೇಲೂ ಫ್ಯಾನು ತನ್ನಷ್ಟಕ್ಕೆ ತಿರುಗುವುದುಂಟು ಎಂದು ಅವರು ಹೇಳಿದ್ದನ್ನು ಓದುಗರು ನೆನಪಿಡುವುದು ಲೇಸು.

ಮೊದಲು ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಧನ ತುದಿಗೆ, ಇನ್ನೊಂದು ಫ್ಯಾನಿನ ಧನ ತಂತಿಗೆ. ಓದಿದ್ದು 0.3 ವೋಲ್ಟ್. ಎಂದರೆ ರಿಲೇ, ಫ್ಯೂಸುಗಳ ಮೂಲಕ ಬರುವ ದಾರಿಯಲ್ಲಿ ಕಳೆಯುತ್ತಿರುವುದು ಅಷ್ಟೇ. "ಅದು ಪರವಾಗಿಲ್ಲ, ಹೋಗೋ ದಾರಿ ಸರಿಯಿದೆ. ಈಗ ವಾಪಸ್ ಬರೋ ದಾರಿ ನೋಡು" ಎಂದರು. ಫ್ಯಾನಿನ ಋಣ ತಂತಿಗೆ ಒಂದು ಕಡ್ಡಿ, ಬ್ಯಾಟರಿಯ ಋಣ ತುದಿಗೆ ಇನ್ನೊಂದು. ಮಗ ಕಿಟಕಿಯ ಬಳಿ ಬಂದು ಮೆಲ್ಲನೆ ಹೇಳಿದ: "ತಾತಾ, 4.8."

ಇರಬೇಕಾದದ್ದು ಅರ್ಧ ವೋಲ್ಟಿಗಿಂತಲೂ ಕಡಮೆ. ಬ್ಯಾಟರಿಯಿಂದ ಹೊರಟ ವಿದ್ಯುತ್ತಿನಲ್ಲಿ ಫ್ಯಾನಿನ ಪಾಲಿಗೆ ಸಿಗುತ್ತಿದ್ದುದು 7 ವೋಲ್ಟ್ ಮಾತ್ರ.

ದಪ್ಪ ತಂತಿಯ ತುಂಡೊಂದನ್ನು ಪೆಟ್ಟಿಗೆಯಿಂದಲೇ ತೆಗೆಸಿ, ಫ್ಯಾನಿನ ಋಣ ತಂತಿಯಿಂದ ನೇರವಾಗಿ ಬ್ಯಾಟರಿಯ ಋಣ ತುದಿಗೆ ಮುಟ್ಟಿಸಲು ಹೇಳಿದರು. ಮುಟ್ಟಿಸಿದೊಡನೆ ಫ್ಯಾನು ಗುಡುಗಿದಂತೆ ಎದ್ದಿತು. ನೆಲದ ಮೇಲಿನ ತರಗೆಲೆಗಳು ಹಾರಿದವು. ಒಳಗೆ ಅಡುಗೆಮನೆಯಲ್ಲಿದ್ದ ತಾಯಿಯವರು "ಅದೇನು ಸದ್ದು?" ಎಂದು ಹೆದರಿ ಕೇಳಿದರು. ಮಾವನವರು ಕಿಟಕಿಯ ಸರಳು ಹಿಡಿದುಕೊಂಡು, ಎಡಗೈಯನ್ನು ಎತ್ತಿ, ಸಾಕು ಎಂದು ಸನ್ನೆ ಮಾಡಿದರು.

ಅಪರಾಧಿ ಸಿಕ್ಕಿದ್ದು ಬ್ಯಾಟರಿಯನ್ನು ಕೂರಿಸುವ ತಟ್ಟೆಯ ಕೆಳಗೆ. ಫ್ಯಾನಿನ ಅರ್ಥಿಂಗ್ ತಂತಿ ಅಲ್ಲಿ ಬಂದು ಕಾರಿನ ಮೈಗೆ ಬೋಲ್ಟಿನಿಂದ ಸೇರಿತ್ತು. ಬ್ಯಾಟರಿಯ ಆಮ್ಲವೂ ಮಲೆನಾಡಿನ ಮಳೆಗಾಲಗಳೂ ಸೇರಿ ಬೋಲ್ಟು ತುಕ್ಕು ಹಿಡಿದು, ತಂತಿಯ ತುದಿಗೆ ಹಸಿರು ಕಿಲುಬು ಕಟ್ಟಿತ್ತು. ಸಾಲದುದಕ್ಕೆ ಇಲಿ ಅದರ ಹೊದಿಕೆಯನ್ನು ಕಡಿದು, ಒಳಗಿನ ಎಳೆಗಳಲ್ಲಿ ಮೂರು ನಾಲ್ಕನ್ನಷ್ಟೇ ಉಳಿಸಿತ್ತು. ನಮ್ಮ ಮನೆಯ ಹಿತ್ತಿಲಲ್ಲಿ ಅಡಿಕೆಯ ಮೂಟೆಗಳನ್ನು ಇಟ್ಟಿದ್ದ ಚಳಿಗಾಲದಲ್ಲಿ ಇಲಿಗಳು ಹೆಚ್ಚಿದ್ದು ಆಗ ನೆನಪಿಗೆ ಬಂದಿತು. ಬೆಚ್ಚಗಿನ ಎಂಜಿನ್ನಿನ ಗೂಡು ಅವಕ್ಕೆ ಅರಮನೆ.

ಬೀದಿಯ ಕೊನೆಯಲ್ಲಿ ಇದ್ದ ವಾಹನ ಎಲೆಕ್ಟ್ರಿಷಿಯನ್ ಒಬ್ಬ ಭಾನುವಾರವೆಂದರೂ ಬಂದ. ಮಾವನವರ ಹೆಸರು ಹೇಳಿದ್ದೇ ಸಾಕಾಯಿತು. ಮೊದಲು ಬ್ಯಾಟರಿಯ ಋಣ ತುದಿಯನ್ನು ಕಳಚಿ, ಕೆಟ್ಟ ತಂತಿಯನ್ನು ಕತ್ತರಿಸಿ, ಅಷ್ಟೇ ದಪ್ಪದ ಹೊಸ ತಂತಿಗೆ ಉಂಗುರದ ತುದಿಯನ್ನು ಒತ್ತಿ ಕೂರಿಸಿ, ಕಾರಿನ ಮೈಯ ಬಣ್ಣ ಹೋಗಿ ಲೋಹ ಹೊಳೆಯುವವರೆಗೆ ಉಜ್ಜಿ ಬಿಗಿದು, ಮೇಲೆ ವ್ಯಾಸಲೀನ್ ಸವರಿದ. ತೆಗೆದುಕೊಂಡದ್ದು 350 ರೂಪಾಯಿ. ಬಳಿಕ ಎಂಜಿನ್ನನ್ನು ಅರ್ಧ ಗಂಟೆ ನಿಂತಲ್ಲೇ ಓಡಿಸಿದೆವು. ಮುಳ್ಳು ಮಧ್ಯಕ್ಕಿಂತ ಕೊಂಚ ಮೇಲೆ ಏರುವುದು, ಫ್ಯಾನು ಗುಡುಗುವುದು, ಮುಳ್ಳು ಇಳಿಯುವುದು, ಫ್ಯಾನು ನಿಲ್ಲುವುದು. ಹೀಗೆ ನಾಲ್ಕು ಸಲ ಆಯಿತು. ಕೂಲೆಂಟಿನ ಡಬ್ಬಿಯಲ್ಲಿ ಗುಳ್ಳೆಗಳೇಳಲಿಲ್ಲ, ಎಣ್ಣೆಯ ಬಣ್ಣ ಕೆಟ್ಟಿರಲಿಲ್ಲ. ಎಂಜಿನ್ನಿಗೆ ಅಪಾಯವಾಗಿಲ್ಲವೆಂದು ಮಾವನವರು ಹೇಳಿದರು. ಇನ್ನೂ ಎರಡು ಸಲ ಹಾಗೆ ಕುದಿಸಿದ್ದರೆ ಗ್ಯಾಸ್ಕೆಟ್ ನಿಜವಾಗಿಯೇ ಹೋಗುತ್ತಿತ್ತು ಎಂಬುದನ್ನೂ ಹೇಳಿದರು.

ಊಟದ ಹೊತ್ತಿಗೆ ಅವರು ಅರ್ಧ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಂಡು ತಿಂದರು. ಸೊಸೆ ನಮ್ಮತ್ತ ನೋಡಿದಳು.

ಮಧ್ಯಾಹ್ನದ ಬಿಸಿಲಿನಲ್ಲಿ ಮಾತು ಬೆಳೆಯಿತು. ನಮ್ಮ ಮಗ ಟಿಪ್ಪಣಿ ಪುಸ್ತಕ ಹಿಡಿದು ಕೂತ. ಎಲ್ಲ ಬಿಸಿಯೂ ಬಿಸಿಯಲ್ಲ ಎಂದು ಮಾವನವರು ಹೇಳಿದ್ದು ನಮಗೆ ಹೊಸದು. ಉಷ್ಣತೆಯನ್ನು ಅಳೆಯುವ ಸಣ್ಣ ಬಟನ್ನಿನಂತಹ ಉಪಕರಣದಲ್ಲಿ ಬಿಸಿ ಹೆಚ್ಚಿದಷ್ಟೂ ವಿದ್ಯುತ್ತಿಗೆ ತಡೆ ಕಡಮೆಯಾಗುತ್ತದೆ. ಹಳೆಯ ಮಾದರಿಯ ಕಾರುಗಳಲ್ಲಿ ಅದರ ತಂತಿಯ ಹೊದಿಕೆ ಸವೆದು ಕಾರಿನ ಮೈಗೆ ತಗುಲಿತೆಂದರೆ, ಎಂಜಿನ್ ತಣ್ಣಗಿದ್ದರೂ ಮುಳ್ಳು ಕೆಂಪಿಗೆ ಹೋಗಿ ಕೂರುತ್ತದೆ. ಅದಕ್ಕೇ ಅವರು ಬೆಳಗಿನ ತಣ್ಣನೆಯ ಹೊತ್ತಿನಲ್ಲಿ ಮುಳ್ಳು ಎಲ್ಲಿರುತ್ತದೆಂದು ಕೇಳಿದ್ದು. ಹೆಡ್‌ಲೈಟ್ ಹಾಕಿದೊಡನೆ ಮುಳ್ಳು ಜಿಗಿದರೆ ನೀರು ಆ ಕ್ಷಣದಲ್ಲಿ ಕಾದಿರಲಾರದು. ಅರ್ಥಿಂಗ್ ಸರಿಯಿಲ್ಲವೆಂದೇ ಅರ್ಥ. ಇವೆರಡರಲ್ಲಿ ಹಣ ಹೋಗಬಹುದು, ಎಂಜಿನ್ ಹೋಗುವುದಿಲ್ಲ. ಅದೇ ತಂತಿ ತುಂಡಾದರೆ ಮುಳ್ಳು ತಣ್ಣಗೆ ಕೆಳಗೆ ಮಲಗಿರುತ್ತದೆ, ಎಂಜಿನ್ ಕುದಿಯುತ್ತಿದ್ದರೂ ಗೊತ್ತಾಗುವುದಿಲ್ಲ. ಏರಿದ ಮುಳ್ಳಿಗೆ ಹೆದರುವವರು ಏಳದ ಮುಳ್ಳಿಗೂ ಹೆದರಬೇಕು.

ಫ್ಯಾನು ತಿರುಗದೇ ಇದ್ದರೆ ಮೊದಲು ಫ್ಯೂಸು, ಬಳಿಕ ರಿಲೇ. ಹಾರನ್ನಿನ ರಿಲೇಯೂ ಅದೇ ಬಗೆಯದಾಗಿದ್ದರೆ ಅದಲು ಬದಲು ಮಾಡಿ ನೋಡಬಹುದು. ಎ.ಸಿ. ಹಾಕಿದಾಗ ತಿರುಗುವ ಫ್ಯಾನು ಬರಿಯ ಬಿಸಿಗೆ ತಿರುಗದಿದ್ದರೆ ಮೋಟರು ಸರಿಯಿದೆ, ಬಿಸಿಯನ್ನರಿಯುವ ಸ್ವಿಚ್ಚಿನ ಕಡೆ ನೋಡಬೇಕು. ಇತ್ತೀಚಿನ ಕಾರುಗಳಲ್ಲಿ ಇದನ್ನೆಲ್ಲ ಕಂಪ್ಯೂಟರೇ ನಡೆಸುತ್ತದೆ, ಅಲ್ಲಿ ಕೈಹಾಕಬೇಡಿ ಎಂದೂ ಹೇಳಿದರು. ಅವರಿಗೆ ತೀರ ಸಿಟ್ಟು ಬರುತ್ತಿದ್ದುದು ಸುಟ್ಟ ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಸುತ್ತುವವರ ಮೇಲೆ. "ಫ್ಯೂಸು ಸುಡದಿದ್ರೆ ಗಾಡಿ ಸುಡುತ್ತೆ" ಎಂದು ಎರಡು ಸಲ ಹೇಳಿದರು. ಕುದಿಯುತ್ತಿರುವ ರೇಡಿಯೇಟರಿನ ಮುಚ್ಚಳ ತೆಗೆದು ಮುಖ ಸುಟ್ಟುಕೊಂಡ ಒಬ್ಬ ಚಾಲಕನ ಕಥೆಯನ್ನು ಹೇಳಹೊರಟು, ಉಸಿರು ಸೋತು ಅರ್ಧಕ್ಕೆ ನಿಲ್ಲಿಸಿದರು. ಕಥೆಯ ಉಳಿದರ್ಧ ನಮಗೆ ಬೇಕಾಗಿರಲಿಲ್ಲ.

ಇಷ್ಟೆಲ್ಲ ಎಲ್ಲಿ ಕಲಿತಿರಿ, ಕಾರ್ಖಾನೆಯಲ್ಲಿ ಕಾರುಗಳಿದ್ದವೇ ಎಂದು ಮಗ ಕೇಳಿದ. ವಿದ್ಯುತ್ ಕುಲುಮೆಗೆ ಹೋಗುವ ತಾಮ್ರದ ಪಟ್ಟಿಗಳ ಜೋಡಣೆಯಲ್ಲಿ ಒಂದು ಬೋಲ್ಟು ಸಡಿಲವಾದರೂ ಆ ಜಾಗ ಕಾಯುತ್ತದೆ, ಅದನ್ನು ಕತ್ತಲಲ್ಲಿ ಬಣ್ಣದಿಂದ ಹಿಡಿಯುತ್ತಿದ್ದೆವು ಎಂದರು. ಪಟ್ಟಿ ದೊಡ್ಡದಾದರೇನು, ತಂತಿ ಸಣ್ಣದಾದರೇನು. ಕುಲುಮೆ ಆರಿದ ದಿನ ನೀವು ಅಲ್ಲಿದ್ದಿರಾ ಎಂದು ಕೇಳಬೇಕೆಂದಿದ್ದ ನಾವು ಕೇಳಲಿಲ್ಲ. ತಾಯಿಯವರು ತಮ್ಮನ ಸೋತ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಎಣ್ಣೆ ತಿಕ್ಕುತ್ತಿದ್ದರು.

ಸಂಜೆ ಹೊರಟಾಗ ಮಾವನವರು ಮಗನನ್ನು ಕರೆದು, ಕತ್ತರಿಸಿ ತೆಗೆದ ಹಳೆಯ ತಂತಿಯ ತುಂಡನ್ನು ಕೇಳಿ ಪಡೆದು ಕಿಟಕಿಯ ಕಟ್ಟೆಯ ಮೇಲೆ ಇಡಿಸಿಕೊಂಡರು. ಸೋಮವಾರ ಬೆಳಿಗ್ಗೆ ಶಿವಮೊಗ್ಗದ ಗ್ಯಾರೇಜಿಗೆ ದೂರವಾಣಿ ಮಾಡಿ, ಬಿಚ್ಚುವುದು ಬೇಡವೆಂದು ತಿಳಿಸಿದೆವು. ಅವರು ಬೇಸರಿಸಲಿಲ್ಲ. "ಅರ್ಥಿಂಗಾ ಸಾರ್?" ಎಂದು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಯಾವ ಜಾಗದಲ್ಲಿ ಸಿಕ್ಕಿತೆಂದು ವಿಚಾರಿಸಿಕೊಂಡರು.

ಆ ಭಾನುವಾರದ ಸಂಜೆ ವಿದ್ಯಾನಗರದ ಬಳಿ ಮತ್ತೆ ವಾಹನಗಳ ಸಾಲು ನಿಂತಿತ್ತು. ಹತ್ತು ನಿಮಿಷ ಕಾದೆವು. ಮುಂದಿನಿಂದ ಫ್ಯಾನಿನ ಸದ್ದು ಕೇಳಿಬಂದಿತು. ಹಿಂದಿನ ಆಸನದಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ ತಾಯಿಯವರು, "ಬಂತಲ್ಲ ಸದ್ದು" ಎಂದರು. ಸಾಲು ಸರಿಯಿತು, ತುಂಗೆಯ ಸೇತುವೆಯನ್ನು ದಾಟಿದೆವು.